ಎಳೆ ಮರಿಯ ಮೈಯೊಳಗಿನ ಒಲೆ: ಕಂದು ಕೊಬ್ಬು ಮತ್ತು ಅದರ ಕಾವಲು ಕೋಶಗಳು

ಚಿಕ್ಕೋಡಿ ತಾಲೂಕಿನ ಅಂಕಲಿ, ಮಾಂಜರಿ, ಯಡೂರು ಮೊದಲಾದ ಕೃಷ್ಣಾ ತೀರದ ಹಳ್ಳಿಗಳಲ್ಲಿ ಹಾಗೂ ಸುತ್ತಲಿನ ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬಿನ ಕಟಾವು ನಡೆಯುವ ಕಾಲಕ್ಕೇ ಕುರಿಗಳು ಈಯುವ ಕಾಲವೂ ಬರುತ್ತದೆ. ಮುಂಗಾರು ಮಳೆ ಬಿದ್ದು ಹಸಿರು ಮೇವು ಚಿಗುರಿದಾಗ ಬೆದೆಗೆ ಬಂದು ಗಬ್ಬವಾದ ಕುರಿಗಳು ಸುಮಾರು 150 ದಿನಗಳ ನಂತರ, ಅಂದರೆ ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ ಮರಿ ಹಾಕುತ್ತವೆ. ಇದು ಚಳಿಯ ಕಾಲ. ರಾತ್ರಿಯ ಉಷ್ಣತೆ 15 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ, ಕೆಲವು ರಾತ್ರಿ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಹೊಳೆಯ ದಂಡೆಯ ಬಯಲಿನಲ್ಲಿ ಗಾಳಿ ಬೀಸುತ್ತದೆ, ಬೆಳಗಿನ ಜಾವ ಇಬ್ಬನಿ ಬೀಳುತ್ತದೆ.

ಕಂಬಳಿ ಹೊದ್ದು ಮಲಗಿದ ಮನುಷ್ಯನಿಗೆ ಇದು ದೊಡ್ಡ ಚಳಿಯಲ್ಲ. ಆದರೆ ತಾಯಿಯ ಗರ್ಭದಲ್ಲಿ 39 ಡಿಗ್ರಿ ಶಾಖದಲ್ಲಿದ್ದು, ಒಮ್ಮೆಲೇ ಬಯಲಿಗೆ ಬಿದ್ದ, ಮೈಯೆಲ್ಲ ಒದ್ದೆಯಾದ, ಎರಡೂವರೆ-ಮೂರು ಕಿಲೋ ತೂಕದ ಮರಿಗೆ ಇದು ಪ್ರಾಣದ ಪ್ರಶ್ನೆ. ಸಂಜೆ ಈದ ಕುರಿಯ ಮರಿ ಬೆಳಗ್ಗೆ ಸೆಟೆದು ಬಿದ್ದಿರುವುದನ್ನು ಕುರಿಗಾರರು ಕಂಡಿದ್ದಾರೆ. "ಹಣೆಬರಹ" ಎಂದು ಸುಮ್ಮನಾಗುವುದೂ ಉಂಟು. ಆದರೆ ಇಂಥ ಸಾವುಗಳಲ್ಲಿ ಬಹಳಷ್ಟನ್ನು ತಡೆಯಲು ಸಾಧ್ಯ. ಅದಕ್ಕೆ ಮರಿಯ ಮೈಯೊಳಗೆ ನಿಸರ್ಗವೇ ಹೂಡಿಟ್ಟಿರುವ ಒಂದು ಒಲೆಯ ಪರಿಚಯ ಮಾಡಿಕೊಳ್ಳಬೇಕು. ಆ ಒಲೆಯೇ ಕಂದು ಕೊಬ್ಬು. ಅದನ್ನು ನೋಡಿಕೊಳ್ಳುವ ಕೆಲಸದಲ್ಲಿ, ರೋಗದ ವಿರುದ್ಧ ಹೋರಾಡುವ ಕೋಶಗಳಿಗೂ ಪಾಲಿದೆ ಎಂಬುದು ಇತ್ತೀಚಿನ ವರ್ಷಗಳಲ್ಲಿ ತಿಳಿದುಬಂದ ಸಂಗತಿ.

ಎರಡು ಬಗೆಯ ಕೊಬ್ಬು

ಪ್ರಾಣಿಗಳ ಮೈಯಲ್ಲಿ ಮುಖ್ಯವಾಗಿ ಎರಡು ಬಗೆಯ ಕೊಬ್ಬು ಇರುತ್ತದೆ. ನಮಗೆ ಚೆನ್ನಾಗಿ ಗೊತ್ತಿರುವುದು ಬಿಳಿ ಕೊಬ್ಬು. ಇದು ಹಗೇವಿನಲ್ಲಿ ತುಂಬಿಟ್ಟ ಜೋಳವಿದ್ದಂತೆ. ಮೇವು ಹೆಚ್ಚಾದಾಗ ಕೂಡಿಡುವುದು, ಕಡಿಮೆಯಾದಾಗ ತೆಗೆದು ಬಳಸುವುದು ಇದರ ಕೆಲಸ. ಇನ್ನೊಂದು ಕಂದು ಕೊಬ್ಬು. ಇದು ಕೂಡಿಡುವುದಕ್ಕಿಂತ ಹೆಚ್ಚಾಗಿ ಸುಡುವುದಕ್ಕೆಂದೇ ಇರುವ ಕೊಬ್ಬು. ಸುಟ್ಟು ಶಾಖವನ್ನು ಕೊಡುವುದೇ ಇದರ ಕಸುಬು.

ಕಂದು ಕೊಬ್ಬನ್ನು ಮೊದಲಿಗೆ ಬಣ್ಣಿಸಿದವನು ಸ್ವಿಟ್ಜರ್ಲೆಂಡಿನ ಪ್ರಾಣಿತಜ್ಞ ಕಾನ್ರಾಡ್ ಗೆಸ್ನರ್. 1551ರಲ್ಲಿ ಅವನು ಮಾರ್ಮಟ್ ಎಂಬ, ಚಳಿಗಾಲವಿಡೀ ಬಿಲದಲ್ಲಿ ನಿದ್ರಿಸುವ ಪ್ರಾಣಿಯ ಬೆನ್ನಿನಲ್ಲಿ ಇದನ್ನು ಕಂಡನು. ಆದರೆ ಇದು ಶಾಖ ಕೊಡುವ ಅಂಗವೆಂದು ಸ್ಪಷ್ಟವಾದದ್ದು 1960ರ ದಶಕದಲ್ಲಿ. ಕುರಿಮರಿಗಳಲ್ಲಿ ಇದರ ಮಹತ್ವವನ್ನು ತೋರಿಸಿಕೊಟ್ಟವರಲ್ಲಿ ಆಸ್ಟ್ರೇಲಿಯಾದ ಜೆಫ್ರಿ ಅಲೆಕ್ಸಾಂಡರ್ ಪ್ರಮುಖರು.

ಹುಟ್ಟಿದ ಕುರಿಮರಿಯಲ್ಲಿ ಕಂದು ಕೊಬ್ಬು ದೇಹತೂಕದ ಶೇಕಡಾ ಒಂದೂವರೆಯಿಂದ ಎರಡರಷ್ಟು ಮಾತ್ರ ಇರುತ್ತದೆ. ಅಂದರೆ 3 ಕಿಲೋ ಮರಿಯಲ್ಲಿ ಸುಮಾರು 45ರಿಂದ 60 ಗ್ರಾಂ. ಇದರ ಹೆಚ್ಚಿನ ಭಾಗ ಮೂತ್ರಪಿಂಡಗಳ ಸುತ್ತ ಇರುತ್ತದೆ. ಉಳಿದದ್ದು ಕುತ್ತಿಗೆ, ಹೆಗಲಿನ ಮುಂಭಾಗ ಮತ್ತು ಎದೆಯೊಳಗೆ ಹಂಚಿಕೊಂಡಿರುತ್ತದೆ. ಪ್ರಮಾಣ ಒಂದು ಹಿಡಿಯಷ್ಟಾದರೂ ಶಕ್ತಿ ಬಹಳ. ದೇಹದ ಬೇರೆ ಭಾಗಗಳು ವಿಶ್ರಾಂತಿಯಲ್ಲಿ ಕಿಲೋ ಒಂದಕ್ಕೆ ಸುಮಾರು 1 ವ್ಯಾಟ್ ಶಾಖ ಕೊಟ್ಟರೆ, ಪೂರ್ತಿ ಹೊತ್ತಿಕೊಂಡ ಕಂದು ಕೊಬ್ಬು ಕಿಲೋ ಒಂದಕ್ಕೆ 300 ವ್ಯಾಟ್‌ಗಳವರೆಗೆ ಕೊಡಬಲ್ಲದು. ಚಳಿಗೆ ಸಿಕ್ಕ ಎಳೆ ಮರಿ ತನ್ನ ಶಕ್ತಿಮೀರಿ ಹೆಚ್ಚುವರಿ ಶಾಖ ಹುಟ್ಟಿಸುವಾಗ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ನಡುಕದಿಂದ ಬಂದರೆ, ಉಳಿದರ್ಧ ಕಂದು ಕೊಬ್ಬಿನಿಂದ ಬರುತ್ತದೆ.

ಆಡಿನ ಮರಿಗೂ ಆಕಳ ಕರುವಿಗೂ ಹುಟ್ಟುವಾಗ ಈ ಕೊಬ್ಬು ಇರುತ್ತದೆ. ಆದರೆ ಇದು ಕೆಲವೇ ದಿನಗಳ ಆಸ್ತಿ. ಕುರಿಮರಿಯಲ್ಲಿ ಎರಡರಿಂದ ನಾಲ್ಕು ವಾರಗಳೊಳಗೆ ಕಂದು ಕೊಬ್ಬು ತನ್ನ ಗುಣವನ್ನು ಕಳೆದುಕೊಂಡು ಬಿಳಿ ಕೊಬ್ಬಾಗಿ ಮಾರ್ಪಡುತ್ತದೆ. ಅಷ್ಟರಲ್ಲಿ ಮರಿಯ ಹೊಟ್ಟೆ ಮೇವಿಗೆ ಒಗ್ಗತೊಡಗಿ, ಮೈಮೇಲೆ ಉಣ್ಣೆಯೂ ಬೆಳೆದಿರುತ್ತದೆ.

ಹಂದಿಮರಿಗೂ ಕೋಳಿಮರಿಗೂ ಈ ಒಲೆ ಇಲ್ಲ. ಹಂದಿಯ ಪೂರ್ವಜರಲ್ಲಿ ಶಾಖಕ್ಕೆ ಬೇಕಾದ ವಂಶವಾಹಿಯೇ ಸುಮಾರು 2 ಕೋಟಿ ವರ್ಷಗಳ ಹಿಂದೆ ಕೆಟ್ಟುಹೋಯಿತೆಂದು 2006ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಪಕ್ಷಿಗಳಲ್ಲಂತೂ ಕಂದು ಕೊಬ್ಬು ಇರುವುದೇ ಇಲ್ಲ. ಕೋಳಿ ಸಾಕುವವರು ಮರಿ ತಂದ ದಿನವೇ ಬಲ್ಬು ಹಚ್ಚಿ ಕಾವು ಕೊಡುವುದು ಎಷ್ಟು ಅವಶ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕುರಿಮರಿಗೆ ಒಲೆ ಇದೆ. ಆದರೆ ಅದರಲ್ಲಿನ ಉರುವಲು ಕೆಲವೇ ತಾಸುಗಳದ್ದು.

ಒಲೆ ಉರಿಯುವ ಬಗೆ

ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಮೈಟೋಕಾಂಡ್ರಿಯಾ ಎಂಬ ಅತಿ ಸಣ್ಣ ಶಕ್ತಿಕೇಂದ್ರಗಳಿರುತ್ತವೆ. ಆಹಾರದಲ್ಲಿನ ಕೊಬ್ಬು, ಸಕ್ಕರೆಗಳನ್ನು ಆಮ್ಲಜನಕದೊಡನೆ ನಿಧಾನವಾಗಿ ಸುಟ್ಟು, ಜೀವಕೋಶದ ಕೆಲಸಗಳಿಗೆ ಬೇಕಾದ ಶಕ್ತಿಯನ್ನು ತಯಾರಿಸುವುದು ಇವುಗಳ ಕೆಲಸ. ಇದನ್ನು ಜಲಾಶಯಕ್ಕೆ ಹೋಲಿಸಬಹುದು. ಕಟ್ಟೆಯ ಹಿಂದೆ ನಿಂತ ನೀರು ಚಕ್ರದ ಮೂಲಕ ಹರಿದರೆ ವಿದ್ಯುತ್ ಹುಟ್ಟುತ್ತದೆ. ಅದೇ ನೀರನ್ನು ಬದಿಯ ತೂಬಿನಿಂದ ಬಿಟ್ಟರೆ ವಿದ್ಯುತ್ ಹುಟ್ಟುವುದಿಲ್ಲ. ನೀರು ಮಾತ್ರ ರಭಸದಿಂದ ಹರಿಯುತ್ತದೆ. ಕಂದು ಕೊಬ್ಬಿನ ಮೈಟೋಕಾಂಡ್ರಿಯಾಗಳಲ್ಲಿ ಇಂಥದೊಂದು ತೂಬು ಇದೆ. ಯುಸಿಪಿ-1 ಎಂಬ ಪ್ರೋಟೀನು ಆ ತೂಬು. ಅದು ತೆರೆದುಕೊಂಡಾಗ ಸುಟ್ಟ ಕೊಬ್ಬಿನ ಶಕ್ತಿಯೆಲ್ಲ ನೇರವಾಗಿ ಶಾಖವಾಗಿ ಹೊರಬೀಳುತ್ತದೆ. ಮೈಟೋಕಾಂಡ್ರಿಯಾಗಳು ಬಹಳವಾಗಿರುವುದರಿಂದ ಮತ್ತು ಅವುಗಳಲ್ಲಿ ಕಬ್ಬಿಣದ ಅಂಶ ಇರುವುದರಿಂದಲೇ ಈ ಕೊಬ್ಬಿಗೆ ಕಂದು ಬಣ್ಣ.

ತೂಬು ತೆರೆಯುವ ಅಪ್ಪಣೆ ಮಿದುಳಿನಿಂದ ಬರುತ್ತದೆ. ಚರ್ಮಕ್ಕೆ ಚಳಿ ತಗುಲಿದ ಸುದ್ದಿ ಮಿದುಳಿಗೆ ತಲುಪಿದ ಕೂಡಲೇ, ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಕಂದು ಕೊಬ್ಬಿನ ಮೇಲೆ ಬೀಳುತ್ತದೆ. ಇದು ಬೆಂಕಿ ಕಡ್ಡಿ ಇದ್ದಂತೆ. ಆಗ ಕೊಬ್ಬಿನ ಹನಿಗಳು ಕರಗಿ ಉರಿಯತೊಡಗುತ್ತವೆ. ಬಿಸಿಯಾದ ರಕ್ತ ಇಡೀ ಮೈಗೆ ಹರಿದು ಹೃದಯವನ್ನೂ ಮಿದುಳನ್ನೂ ಬೆಚ್ಚಗಿಡುತ್ತದೆ.

ಆದ್ದರಿಂದ ಈ ಒಲೆ ಉರಿಯಲು ನಾಲ್ಕು ಸಂಗತಿಗಳು ಬೇಕು. ಉರುವಲು ಇರಬೇಕು, ಗಾಳಿ ಅಂದರೆ ಉಸಿರು ಸರಿಯಾಗಿ ಆಡಬೇಕು, ಕಡ್ಡಿ ಗೀರುವ ನರಗಳು ನೆಟ್ಟಗಿರಬೇಕು, ಮತ್ತು ಒಲೆಯಲ್ಲಿ ಬೂದಿ ಕಟ್ಟಿಕೊಳ್ಳಬಾರದು. ಕೊನೆಯ ಎರಡು ಕೆಲಸಗಳಲ್ಲಿಯೇ ಕಾವಲು ಕೋಶಗಳು ಬರುತ್ತವೆ.

ಕಾವಲು ಕೋಶಗಳು ಯಾವುವು?

ದೇಹಕ್ಕೆ ನುಗ್ಗಿದ ರೋಗಾಣುಗಳನ್ನು ಗುರುತಿಸಿ ನಾಶಮಾಡುವ ಕೋಶಗಳ ಒಂದು ದೊಡ್ಡ ಪಡೆಯೇ ರಕ್ತದಲ್ಲೂ ಅಂಗಾಂಗಗಳಲ್ಲೂ ಇದೆ. ಇವನ್ನು ರೋಗನಿರೋಧಕ ಕೋಶಗಳೆನ್ನುತ್ತಾರೆ. ಈ ಲೇಖನದಲ್ಲಿ ಕಾವಲು ಕೋಶಗಳೆಂದು ಕರೆಯೋಣ. ಇವುಗಳಲ್ಲಿ ಒಂದು ಜಾತಿಗೆ ಮ್ಯಾಕ್ರೊಫೇಜ್ ಅಥವಾ ಭಕ್ಷಕ ಕೋಶ ಎಂದು ಹೆಸರು. ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗಿ ಅರಗಿಸುವುದು ಇವುಗಳ ಕೆಲಸ. ನುಂಗುವ ಈ ಕ್ರಿಯೆಯನ್ನು 1882ರಲ್ಲಿ ಕಂಡುಹಿಡಿದ ಇಲ್ಯಾ ಮೆಚ್ನಿಕಾಫ್ ಅವರಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇನ್ನೊಂದು ಜಾತಿ ಟಿ ಕೋಶಗಳು. ಇವುಗಳಲ್ಲಿ ಕೆಲವು ಹೊಡೆದಾಡುತ್ತವೆ, ಕೆಲವು ಹೊಡೆದಾಟ ಮಿತಿಮೀರದಂತೆ ತಡೆಯುತ್ತವೆ.

ಬಹುಕಾಲದವರೆಗೆ ಇವುಗಳ ಕೆಲಸ ರೋಗದೊಡನೆ ಹೋರಾಟ ಮಾತ್ರ ಎಂದು ಭಾವಿಸಲಾಗಿತ್ತು. ಆದರೆ ರೋಗವಿಲ್ಲದ ಕಾಲದಲ್ಲೂ ಇವು ಸುಮ್ಮನೆ ಕೂರುವುದಿಲ್ಲ. ಊರಿನ ಕಾವಲುಗಾರ ಕಳ್ಳರಿಲ್ಲದ ದಿನಗಳಲ್ಲಿ ಕಾಲುವೆಯ ಒಡ್ಡು ನೋಡಿಕೊಂಡು ಬರುವಂತೆ, ಇವೂ ಅಂಗಾಂಗಗಳ ದುರಸ್ತಿ ಮತ್ತು ಶುಚಿತ್ವದ ಕೆಲಸ ಮಾಡುತ್ತವೆ.

ಒಲೆಯ ಬಳಿ ಇವುಗಳಿಗೇನು ಕೆಲಸ?

ನಮ್ಮ ಭಾಗದ ಬೆಲ್ಲದ ಗಾಣವನ್ನು ನೆನಪಿಗೆ ತಂದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಕೊಪ್ಪರಿಗೆಯ ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುತ್ತ ಹೋದರೆ ಸಾಲದು. ಒಬ್ಬನು ಬೂದಿ ಎಳೆದು ತೆಗೆಯುತ್ತಿರಬೇಕು. ಉರಿ ಹೆಚ್ಚಾದರೆ ಪಾಕ ಹತ್ತುತ್ತದೆ, ಕಡಿಮೆಯಾದರೆ ಪಾಕ ಏರುವುದಿಲ್ಲ. ಆದ್ದರಿಂದ ಉರಿಯ ಮೇಲೆ ಒಂದು ಕಣ್ಣಿಟ್ಟವನೂ ಬೇಕು. ಕಂದು ಕೊಬ್ಬಿನಲ್ಲಿ ಕಾವಲು ಕೋಶಗಳು ಮಾಡುವುದು ಇಂಥ ಕೆಲಸಗಳನ್ನೇ.

ಮೊದಲನೆಯದು ಬೂದಿ ತೆಗೆಯುವ ಕೆಲಸ. ಜೋರಾಗಿ ಉರಿಯುವಾಗ ಮೈಟೋಕಾಂಡ್ರಿಯಾಗಳ ಕೆಲವು ಭಾಗಗಳು ಸುಟ್ಟು ಹಾಳಾಗುತ್ತವೆ. ಕಂದು ಕೊಬ್ಬಿನ ಕೋಶವು ಈ ಹಾಳಾದ ಚೂರುಗಳನ್ನು ಸಣ್ಣ ಗುಳ್ಳೆಗಳಲ್ಲಿ ಕಟ್ಟಿ ಹೊರಗೆ ಚೆಲ್ಲುತ್ತದೆ. ಪಕ್ಕದಲ್ಲಿರುವ ಭಕ್ಷಕ ಕೋಶಗಳು ಅವನ್ನು ನುಂಗಿಬಿಡುತ್ತವೆ. ಇಲಿಗಳಲ್ಲಿ ಈ ಭಕ್ಷಕ ಕೋಶಗಳನ್ನು ತೆಗೆದುಹಾಕಿದಾಗ, ಚೆಲ್ಲಿದ ಕಸ ಅಲ್ಲಿಯೇ ಉಳಿದು, ಕೊಬ್ಬಿನ ಕೋಶಗಳು ಅದನ್ನೇ ಮತ್ತೆ ಒಳಗೆಳೆದುಕೊಂಡು, ಶಾಖ ಕೊಡುವ ಶಕ್ತಿಯನ್ನು ಕಳೆದುಕೊಂಡವು. ಇದು 2022ರಲ್ಲಿ ರೋಮ್ ನಗರದ ವಿಜ್ಞಾನಿಗಳು ಪ್ರಕಟಿಸಿದ ಸಂಗತಿ.

ಎರಡನೆಯದು ನರಗಳ ತಂತಿ ನೋಡಿಕೊಳ್ಳುವ ಕೆಲಸ. ಚಳಿಯ ಅಪ್ಪಣೆ ತರುವ ನರಗಳು ಕಂದು ಕೊಬ್ಬಿನ ತುಂಬ ಬಲೆಯಂತೆ ಹರಡಿಕೊಂಡಿರಬೇಕು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ 2017ರಲ್ಲಿ ನಡೆದ ಸಂಶೋಧನೆಯಲ್ಲಿ, ಭಕ್ಷಕ ಕೋಶಗಳಲ್ಲಿ ಒಂದು ವಂಶವಾಹಿಯನ್ನು ಕೆಡಿಸಿದಾಗ ಕಂದು ಕೊಬ್ಬಿನಲ್ಲಿ ನರಗಳ ಬಲೆ ವಿರಳವಾಯಿತು. ನಿತ್ಯದ ಶಾಖ ಕುಗ್ಗಿ, ಆ ಇಲಿಗಳು ಬೊಜ್ಜು ಬೆಳೆಸಿಕೊಂಡವು. 2018ರಲ್ಲಿ ಅಮೆರಿಕದ ಬಾಸ್ಟನ್ನಿನ ವಿಜ್ಞಾನಿಗಳು ಗಾಮಾ-ಡೆಲ್ಟಾ ಟಿ ಕೋಶಗಳೆಂಬ ಇನ್ನೊಂದು ಬಗೆಯ ಕಾವಲು ಕೋಶಗಳನ್ನು ಪರೀಕ್ಷಿಸಿದರು. ಈ ಕೋಶಗಳಿಲ್ಲದ ಇಲಿಗಳು ಚಳಿಗೆ ಒಡ್ಡಿದಾಗ ಮೈಶಾಖ ಉಳಿಸಿಕೊಳ್ಳಲಾರದೆ ಹೋದವು. ಈ ಕೋಶಗಳು ಸ್ರವಿಸುವ ರಾಸಾಯನಿಕವು ಕೊಬ್ಬಿನಲ್ಲಿ ನರಗಳು ಹಬ್ಬಲು ನೆರವಾಗುತ್ತದೆಂದು 2020ರಲ್ಲಿ ತಿಳಿಯಿತು.

ಮೂರನೆಯದು ಉರಿ ಮಿತಿಯಲ್ಲಿಡುವ ಕೆಲಸ. ಇದರ ಬಗೆಗೆ ಮೊದಲು ಒಂದು ತಪ್ಪು ತಿಳುವಳಿಕೆ ಹಬ್ಬಿತ್ತು. ಭಕ್ಷಕ ಕೋಶಗಳು ತಾವೇ ನಾರ್‌ಅಡ್ರಿನಲಿನ್ ತಯಾರಿಸಿ ಒಲೆ ಹೊತ್ತಿಸುತ್ತವೆ ಎಂದು 2011ರಲ್ಲಿ ಪ್ರಕಟವಾಯಿತು. ಆದರೆ 2017ರಲ್ಲಿ ಬೇರೆ ವಿಜ್ಞಾನಿಗಳು ಪುನಃ ಪರೀಕ್ಷಿಸಿ, ಅದನ್ನು ತಯಾರಿಸಲು ಬೇಕಾದ ಕಿಣ್ವವೇ ಈ ಕೋಶಗಳಲ್ಲಿ ಇಲ್ಲವೆಂದು ತೋರಿಸಿದರು. ಅದೇ ವರ್ಷ ಪೋರ್ಚುಗಲ್ಲಿನ ವಿಜ್ಞಾನಿಗಳು, ಕೊಬ್ಬಿನಲ್ಲಿ ನರಗಳಿಗೆ ಅಂಟಿಕೊಂಡಿರುವ ಕೆಲವು ಭಕ್ಷಕ ಕೋಶಗಳು ನಾರ್‌ಅಡ್ರಿನಲಿನ್ನನ್ನು ಹೀರಿಕೊಂಡು ಒಡೆದುಹಾಕುತ್ತವೆ ಎಂದು ಕಂಡರು. ಅಂದರೆ ಇವು ಕಡ್ಡಿ ಗೀರುವವಲ್ಲ, ಗೀರಿದ ಕಡ್ಡಿಯನ್ನು ಆರಿಸುವವು. ಬೊಜ್ಜು ಬಂದ ಇಲಿಗಳಲ್ಲಿ ಇಂಥ ಕೋಶಗಳ ಸಂಖ್ಯೆ ಹೆಚ್ಚಾಗಿದ್ದುದೂ ಕಂಡುಬಂತು.

ನಾಲ್ಕನೆಯದು ರೈತರು ವಿಶೇಷವಾಗಿ ಗಮನಿಸಬೇಕಾದದ್ದು. ರೋಗಾಣು ಸೇರಿ ಬಾವು ಉಂಟಾದಾಗ ಕಾವಲು ಕೋಶಗಳು ಶುಚಿತ್ವದ ಕೆಲಸ ಬಿಟ್ಟು ಯುದ್ಧಕ್ಕೆ ನಿಲ್ಲುತ್ತವೆ. ಆಗ ಅವು ಟಿ.ಎನ್.ಎಫ್. ಮೊದಲಾದ ಉಗ್ರ ರಾಸಾಯನಿಕಗಳನ್ನು ಸುರಿಸುತ್ತವೆ. ಇವು ಕಂದು ಕೊಬ್ಬಿನಲ್ಲಿ ಯುಸಿಪಿ-1 ತಯಾರಾಗುವುದನ್ನು ತಗ್ಗಿಸುತ್ತವೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಕಳ್ಳರನ್ನು ಅಟ್ಟಲು ಓಡಿದ ಕಾವಲುಗಾರನ ಹಿಂದೆ ಒಲೆ ಮಂದವಾದಂತೆ ಇದು.

ಮೇಲೆ ಹೇಳಿದ ಕಾವಲು ಕೋಶಗಳ ವಿವರಗಳೆಲ್ಲ ಮುಖ್ಯವಾಗಿ ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದವು. ಈ ಕೋಶಗಳನ್ನು ಚುರುಕುಗೊಳಿಸಿ ಕುರಿಮರಿಯ ಶಾಖ ಹೆಚ್ಚಿಸಲು ಪಶುವೈದ್ಯರು ಶಿಫಾರಸು ಮಾಡುವ ಯಾವ ಪುಡಿಯೂ ಚುಚ್ಚುಮದ್ದೂ ಇಲ್ಲ. ಹಾಗೆ ಹೇಳಿ ಯಾರಾದರೂ ಮಾರಲು ಬಂದರೆ ಹಣ ಕಳೆದುಕೊಳ್ಳಬೇಡಿ. ಆದರೆ ಒಲೆಗೆ ಉರುವಲನ್ನೂ, ಕಾವಲು ಪಡೆಗೆ ಆಯುಧವನ್ನೂ ಒಟ್ಟಿಗೇ ಕೊಡುವ ಒಂದು ವಸ್ತು ಪ್ರತಿಯೊಂದು ಈದ ಕುರಿಯ ಕೆಚ್ಚಲಲ್ಲಿಯೇ ಇದೆ. ಅದೇ ಗಿಣ್ಣದ ಹಾಲು.

ಗಿಣ್ಣದ ಹಾಲಿನ ಎರಡು ಕೆಲಸ

ಮನುಷ್ಯರಲ್ಲಿ ತಾಯಿಯ ರಕ್ತದಲ್ಲಿನ ರೋಗನಿರೋಧಕ ವಸ್ತುಗಳು ಗರ್ಭದಲ್ಲಿಯೇ ಮಗುವಿಗೆ ಸೇರುತ್ತವೆ. ಕುರಿ, ಆಡು, ಆಕಳು, ಎಮ್ಮೆಗಳಲ್ಲಿ ಹಾಗಿಲ್ಲ. ಅವುಗಳ ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣದ ಮೂಲಕವೇ ಆ ರಕ್ಷಣೆ ಸಿಗಬೇಕು. ಮರಿಯ ಕರುಳು ಈ ವಸ್ತುಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಹುಟ್ಟಿದ 24 ತಾಸುಗಳವರೆಗೆ ಮಾತ್ರ. ಅದರಲ್ಲೂ ಮೊದಲ 6 ತಾಸು ಬಹಳ ಮುಖ್ಯ. ಆಮೇಲೆ ಎಷ್ಟು ಕುಡಿಸಿದರೂ ಅದು ಬರಿಯ ಆಹಾರವಾಗುತ್ತದೆ, ರಕ್ಷಣೆಯಾಗುವುದಿಲ್ಲ. ಗಿಣ್ಣದಲ್ಲಿ ತಾಯಿಯ ಜೀವಂತ ಕಾವಲು ಕೋಶಗಳೂ ಇರುತ್ತವೆ.

ಜೊತೆಗೆ ಗಿಣ್ಣದಲ್ಲಿ ಕೊಬ್ಬು ಹೇರಳ. ಮೈಯೊಳಗಿನ ಕಂದು ಕೊಬ್ಬು ಮುಗಿಯುತ್ತ ಬಂದಂತೆ ಮರಿ ಹೊಸ ಉರುವಲನ್ನು ಗಿಣ್ಣದಿಂದಲೇ ಪಡೆಯಬೇಕು. ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 50 ಮಿ.ಲೀ. ಹಾಗೂ ಮೊದಲ ದಿನದಲ್ಲಿ ಒಟ್ಟು 200 ಮಿ.ಲೀ. ಗಿಣ್ಣ ಬೇಕು. 3 ಕಿಲೋ ಮರಿಗೆ ಮೊದಲ ಸಲ 150 ಮಿ.ಲೀ., ದಿನಕ್ಕೆ 600 ಮಿ.ಲೀ. ಆಯಿತು. ಮೊದಲ ಸಲದ್ದನ್ನು ಹುಟ್ಟಿದ ಎರಡು ತಾಸಿನೊಳಗೆ ಕುಡಿಸಬೇಕು.

ಕಸ ಬೀಳುವವರೆಗೆ ಹಾಲು ಕುಡಿಸಬಾರದೆಂಬ ರೂಢಿ ಕೆಲವರಲ್ಲಿದೆ. ಮೊದಲ ಹಾಲು ಕೆಟ್ಟದ್ದೆಂದು ನೆಲಕ್ಕೆ ಹಿಂಡುವವರೂ ಇದ್ದಾರೆ. ಇವೆರಡೂ ಮರಿಗೆ ಮಾರಕ. ಮರಿ ಕೆಚ್ಚಲನ್ನು ಚೀಪುವುದರಿಂದ ಕಸ ಬೇಗ ಬೀಳಲು ಸಹಾಯವೇ ಆಗುತ್ತದೆ. ಮನೆಯಲ್ಲಿ ಗಿಣ್ಣ ಕಾಸುವವರು ಕರು ಹೊಟ್ಟೆತುಂಬ ಕುಡಿದ ಮೇಲೆ ಉಳಿದದ್ದನ್ನು ಬಳಸಲಿ. ಗಿಣ್ಣವನ್ನು ಕುದಿಸಿದರೆ ಗಟ್ಟಿಯಾಗುತ್ತದಲ್ಲವೇ? ಆಗ ಅದರಲ್ಲಿನ ರೋಗನಿರೋಧಕ ವಸ್ತುಗಳೂ ಹಾಳಾಗುತ್ತವೆ. ಆದ್ದರಿಂದ ಮರಿಗೆ ಕೊಡುವ ಗಿಣ್ಣವನ್ನು ಒಲೆಯ ಮೇಲಿಡದೆ, ಪಾತ್ರೆಯನ್ನು ಬಿಸಿ ನೀರಿನಲ್ಲಿ ಇಟ್ಟು ಮೈಬಿಸಿಗೆ ಮಾತ್ರ ತರಬೇಕು.

ಒರೆಸುವುದರ ಲೆಕ್ಕ

ಮರಿಯನ್ನು ಒರೆಸುವುದು ಸಣ್ಣ ಕೆಲಸವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. 1 ಗ್ರಾಂ ನೀರು ಮೈಮೇಲಿಂದ ಆರಿಹೋಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಮರಿಯ ಮೈಮೇಲೆ 100 ಗ್ರಾಂ ನೀರು ಇದೆ ಎಂದುಕೊಂಡರೆ ಅದು ಆರಲು 58 ಕಿಲೋ ಕ್ಯಾಲರಿ ಬೇಕಾಯಿತು. ಈ ಶಾಖ ಬಹುಮಟ್ಟಿಗೆ ಮರಿಯ ಮೈಯಿಂದಲೇ ಹೋಗುತ್ತದೆ. 1 ಗ್ರಾಂ ಕೊಬ್ಬು ಸುಟ್ಟರೆ ಸಿಗುವುದು ಸುಮಾರು 9 ಕಿಲೋ ಕ್ಯಾಲರಿ. ಆದ್ದರಿಂದ ನೀರು ಆರಿಸುವುದಕ್ಕೇ ಮರಿ ಸುಮಾರು ಆರೂವರೆ ಗ್ರಾಂ ಕೊಬ್ಬನ್ನು ಕಳೆದುಕೊಳ್ಳಬೇಕಾಗುತ್ತದೆ. ಒಂದು ಹಿಡಿ ಕಂದು ಕೊಬ್ಬಿನ ಆಸ್ತಿಯಲ್ಲಿ ಇದು ದೊಡ್ಡ ಖರ್ಚು. ಒಂದು ಒಣ ಗೋಣಿ ಚೀಲದಿಂದ ಎರಡು ನಿಮಿಷ ಒರೆಸಿದರೆ ಅಷ್ಟೂ ಉಳಿತಾಯ.

ತಾಯಿ ನೆಕ್ಕುವುದೂ ಇದೇ ಕಾರಣಕ್ಕೆ ಒಳ್ಳೆಯದು. ಅದನ್ನು ತಡೆಯಬಾರದು. ಅವಳಿ ಮರಿಗಳಿದ್ದಾಗ ತಾಯಿ ಎರಡನೆಯದರ ಕಡೆ ಗಮನ ಕೊಡುವ ಹೊತ್ತಿಗೆ ಮೊದಲನೆಯದು ತಣ್ಣಗಾಗಿರುತ್ತದೆ. ಅಲ್ಲಿ ಮನುಷ್ಯನ ಕೈ ಬೇಕು.

ತಣ್ಣಗಾದ ಮರಿಗೆ ಏನು ಮಾಡಬೇಕು?

ಈ ವಿಷಯದಲ್ಲಿ ಸ್ಕಾಟ್ಲೆಂಡಿನ ಮೋರ್ಡನ್ ಸಂಸ್ಥೆಯಲ್ಲಿ 1980ರ ದಶಕದ ಆರಂಭದಲ್ಲಿ ಈಲ್ಸ್ ಮತ್ತು ಸಂಗಡಿಗರು ರೂಪಿಸಿದ ಕ್ರಮ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಇದಕ್ಕೆ ಬೇಕಾದದ್ದು ಒಂದು ಸಾಮಾನ್ಯ ಥರ್ಮಾಮೀಟರು. ಅದನ್ನು ಮರಿಯ ಗುದದ್ವಾರದಲ್ಲಿಟ್ಟು ಉಷ್ಣತೆ ನೋಡಬೇಕು. ಮರಿ ಹುಟ್ಟಿ ಎಷ್ಟು ತಾಸಾಯಿತೆಂಬುದೂ ಗೊತ್ತಿರಬೇಕು.

ಉಷ್ಣತೆ 39ರಿಂದ 40 ಡಿಗ್ರಿ ಇದ್ದರೆ ಮರಿ ಆರೋಗ್ಯವಾಗಿದೆ. ಗಿಣ್ಣ ಕುಡಿದಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಉಷ್ಣತೆ 37ರಿಂದ 39 ಡಿಗ್ರಿ ಇದ್ದರೆ ಮರಿ ತಣ್ಣಗಾಗುತ್ತಿದೆ. ಒರೆಸಿ, ಗಾಳಿ ತಾಕದ ಜಾಗಕ್ಕೆ ತಂದು, ಗಿಣ್ಣ ಕುಡಿಸಿ, ತಾಯಿಯ ಜೊತೆ ಬಿಡಿ. ಅರ್ಧ ತಾಸಿಗೊಮ್ಮೆ ಮತ್ತೆ ನೋಡಿ.

ಉಷ್ಣತೆ 37ಕ್ಕಿಂತ ಕಡಿಮೆ ಇದ್ದು, ಮರಿ ಹುಟ್ಟಿ 5 ತಾಸಿನೊಳಗಾಗಿದ್ದರೆ, ಅದರ ಮೈಯಲ್ಲಿ ಇನ್ನೂ ಕಂದು ಕೊಬ್ಬಿನ ಉರುವಲು ಉಳಿದಿರುತ್ತದೆ. ಒಲೆ ಆರಿರುವುದಕ್ಕೆ ಕಾರಣ ಒದ್ದೆ ಮತ್ತು ಗಾಳಿ. ಒರೆಸಿ ಮೊದಲು ಮೈ ಕಾಯಿಸಿ, 37 ದಾಟಿ ತಲೆ ಎತ್ತತೊಡಗಿದ ಮೇಲೆ ಗಿಣ್ಣ ಕುಡಿಸಬೇಕು.

ಉಷ್ಣತೆ 37ಕ್ಕಿಂತ ಕಡಿಮೆ ಇದ್ದು, ಹುಟ್ಟಿ 5 ತಾಸಿಗಿಂತ ಹೆಚ್ಚಾಗಿದ್ದರೆ, ಉರುವಲು ಬಹುತೇಕ ಮುಗಿದಿರುತ್ತದೆ. ರಕ್ತದಲ್ಲಿ ಸಕ್ಕರೆ ತೀರ ಇಳಿದಿರುತ್ತದೆ. ಇಂಥ ಮರಿಯನ್ನು ಹಾಗೆಯೇ ಕಾಯಿಸಿದರೆ ಮಿದುಳಿಗೆ ಸಕ್ಕರೆ ಸಾಲದೆ ಸೆಳವು ಬಂದು ಸಾಯುತ್ತದೆ. ಮರಿಗೆ ಎಚ್ಚರವಿದ್ದು ತಲೆ ಎತ್ತಿ ಚೀಪುವಂತಿದ್ದರೆ ಮೊದಲು ಬೆಚ್ಚಗಿನ ಗಿಣ್ಣ ಕುಡಿಸಿ ನಂತರ ಕಾಯಿಸಬೇಕು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಹಾಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅವರು ಮೈಬಿಸಿಯ ಗ್ಲುಕೋಸ್ ದ್ರಾವಣವನ್ನು ಹೊಟ್ಟೆಯೊಳಗೆ ಚುಚ್ಚಿದ ಮೇಲೆಯೇ ಮೈ ಕಾಯಿಸುವುದು. ಈ ಚುಚ್ಚುಮದ್ದನ್ನು ತಿಳಿಯದವರು ಮಾಡಬಾರದು.

ಚಳಿಗೆ ಸೆಟೆದ ಮರಿಯನ್ನು ಕಂಡ ಕೂಡಲೇ ಬೆಂಕಿಯ ಹತ್ತಿರ ಹಿಡಿಯುವುದು ಎಲ್ಲರ ಸಹಜ ಪ್ರವೃತ್ತಿ. ಐದು ತಾಸಿನೊಳಗಿನ ಮರಿಗೆ ಕಾವು ಮೊದಲು, ಗಿಣ್ಣ ಆಮೇಲೆ. ಐದು ತಾಸು ದಾಟಿದ ಮರಿಗೆ ಉರುವಲು ಮೊದಲು, ಕಾವು ಆಮೇಲೆ. ಇದನ್ನು ವಿಸ್ತರಣಾ ಕಾರ್ಯಕರ್ತರು ಪ್ರತಿಯೊಂದು ಹಟ್ಟಿಗೂ ಮುಟ್ಟಿಸಬೇಕು.

ಮೈ ಕಾಯಿಸಲು ಬಿಸಿ ನೀರು ತುಂಬಿದ ಬಾಟಲಿಗಳನ್ನು ಗೋಣಿ ಚೀಲದಲ್ಲಿ ಸುತ್ತಿ ಮರಿಯ ಎರಡೂ ಬದಿಗೆ ಇಡಬಹುದು. ಒಣ ಹುಲ್ಲು ಹಾಸಿದ ಬುಟ್ಟಿಯ ಮೇಲೆ ಬಲ್ಬು ತೂಗಬಿಡಬಹುದು. ಕುರಿಗಾರರು ಮರಿಯನ್ನು ಕಂಬಳಿಯೊಳಗೆ ತಮ್ಮ ಎದೆಗೆ ಅವುಚಿಕೊಳ್ಳುವುದೂ ಒಳ್ಳೆಯ ಪದ್ಧತಿಯೇ. ಉರಿಯುವ ಬೆಂಕಿಯ ಹತ್ತಿರ ಹಿಡಿದರೆ ಚರ್ಮ ಸುಡುತ್ತದೆ, ಹೊಗೆಯಿಂದ ಉಸಿರು ಕಟ್ಟುತ್ತದೆ. ಉಷ್ಣತೆ 39 ತಲುಪಿದ ಮೇಲೆ ಕಾಯಿಸುವುದನ್ನು ನಿಲ್ಲಿಸಬೇಕು.

ಈಯುವ ಮೊದಲೇ ಮಾಡಬೇಕಾದದ್ದು

ಒಲೆಗೆ ಉರುವಲು ತುಂಬುವುದು ತಾಯಿಯ ಗರ್ಭದಲ್ಲಿ. ಗರ್ಭದ ಮರಿಯ ಬೆಳವಣಿಗೆಯಲ್ಲಿ ಶೇಕಡಾ 70ರಷ್ಟು ನಡೆಯುವುದು ಕೊನೆಯ ಆರು ವಾರಗಳಲ್ಲಿ. ಆ ಅವಧಿಯಲ್ಲಿ ಮಂದೆ ದೂರ ನಡೆದು, ಕೊಯ್ದ ಹೊಲದ ಕೂಳೆ ಮೇಯ್ದು ಬದುಕುತ್ತಿದ್ದರೆ ಮರಿ ಸಣ್ಣದಾಗಿ ಹುಟ್ಟುತ್ತದೆ, ಕಂದು ಕೊಬ್ಬೂ ಕಡಿಮೆ, ಗಿಣ್ಣವೂ ಕಡಿಮೆ. ಸಾಧ್ಯವಿದ್ದಷ್ಟು ಮಟ್ಟಿಗೆ ತುಂಬು ಗಬ್ಬದ ಕುರಿಗಳನ್ನು ಬೇರೆ ಮಾಡಿ, ಕೊನೆಯ ತಿಂಗಳಲ್ಲಿ ಪ್ರತಿಯೊಂದಕ್ಕೆ ದಿನಕ್ಕೆ 200ರಿಂದ 250 ಗ್ರಾಂ ಹಿಂಡಿ ಮತ್ತು ನುಚ್ಚಿನ ಮಿಶ್ರಣ ಕೊಡಬೇಕು. ಜೋಳದ ಕಣಿಕಿಯೊಡನೆ ಹಸಿರು ಮೇವು ಮತ್ತು ಖನಿಜ ಮಿಶ್ರಣವೂ ಇರಲಿ.

ಈಯುವುದಕ್ಕೆ ಮೂರು-ನಾಲ್ಕು ವಾರ ಮುಂಚೆ ಪಶುವೈದ್ಯರ ಸಲಹೆಯಂತೆ ತಾಯಿಗೆ ಕರುಳುಬೇನೆಯ ಲಸಿಕೆ ಹಾಕಿಸಿದರೆ, ಅದರ ರಕ್ಷಣೆ ಗಿಣ್ಣದ ಮೂಲಕ ಮರಿಗೂ ಸಿಗುತ್ತದೆ.

ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿಕೊಳ್ಳುವ ರೈತರಿಗೂ ಇದರಲ್ಲಿ ಪಾಲಿದೆ. ಗಾಳಿ ಬರುವ ದಿಕ್ಕಿಗೆ ಕಬ್ಬಿನ ರವದಿಯ ತಡಿಕೆ ಕಟ್ಟಿಕೊಟ್ಟರೆ, ಒಂದು ಮೂಲೆಯಲ್ಲಿ ಒಣ ರವದಿ ಹಾಸಿಕೊಟ್ಟರೆ ಖರ್ಚಿಲ್ಲದೆ ಹತ್ತಾರು ಮರಿಗಳು ಉಳಿಯುತ್ತವೆ. ಕಟಾವಿನ ನಂತರ ಸುಟ್ಟು ಹಾಕುವ ರವದಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೊಂದಿಲ್ಲ. ಹಾಸು ಒದ್ದೆಯಾದ ಕೂಡಲೇ ಬದಲಾಯಿಸಬೇಕು. ಹೊಕ್ಕುಳ ಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಬೇಕು. ಕೊಳೆಯಲ್ಲಿ ಬಿದ್ದ ಮರಿಗೆ ಹೊಕ್ಕುಳದಿಂದ ರೋಗಾಣು ಸೇರಿ ಬಾವು ಬಂದರೆ, ಮರಿ ಸೊರಗಿ ಹಾಲು ಕುಡಿಯುವುದನ್ನು ಬಿಡುತ್ತದೆ. ಚಳಿಯನ್ನು ಎದುರಿಸುವ ಶಕ್ತಿಯೂ ಉಳಿಯುವುದಿಲ್ಲ.

ಮನುಷ್ಯರ ಕೂಸಿಗೂ ಇದೇ ನಿಯಮ

ಹುಟ್ಟಿದ ಕೂಸಿನ ಬೆನ್ನು, ಕುತ್ತಿಗೆ ಮತ್ತು ಮೂತ್ರಪಿಂಡಗಳ ಸುತ್ತಲೂ ಕಂದು ಕೊಬ್ಬು ಇರುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಅದು ಕಡಿಮೆ. ಕಬ್ಬು ಕಡಿಯಲು ದೂರದ ಊರುಗಳಿಂದ ಬಂದು ಬಯಲಿನ ಗುಡಿಸಲುಗಳಲ್ಲಿ ಇರುವ ಕುಟುಂಬಗಳಲ್ಲಿ ಹೆರಿಗೆಯಾದರೆ, ಕೂಸನ್ನು ಒರೆಸಿ ತಾಯಿಯ ಬರಿಮೈಗೆ ತಾಗಿಸಿ ಹೊದಿಸುವುದು, ಒಂದು ತಾಸಿನೊಳಗೆ ಎದೆಹಾಲು ಕುಡಿಸುವುದು, ಕೂಡಲೇ ಆಸ್ಪತ್ರೆಗೆ ತಲುಪಿಸುವುದು ಅತ್ಯವಶ್ಯ. ದೊಡ್ಡವರಲ್ಲಿಯೂ ಸ್ವಲ್ಪ ಕಂದು ಕೊಬ್ಬು ಉಳಿದು ಕೆಲಸ ಮಾಡುತ್ತಿರುತ್ತದೆಂದು 2009ರಲ್ಲಿ ಖಚಿತವಾಯಿತು. ಬೊಜ್ಜು ಮತ್ತು ಸಕ್ಕರೆ ಕಾಯಿಲೆಗಳ ಚಿಕಿತ್ಸೆಗೆ ಇದನ್ನು ಬಳಸಲು ಬಂದೀತೇ ಎಂದು ಸಂಶೋಧನೆ ನಡೆದಿರುವುದು ಅದಕ್ಕಾಗಿಯೇ.

ನೆನಪಿಡಬೇಕಾದ ಅಂಶಗಳು

1. ಕುರಿಮರಿ, ಆಡಿನ ಮರಿ, ಕರುಗಳಿಗೆ ಹುಟ್ಟುವಾಗ ಕಂದು ಕೊಬ್ಬೆಂಬ ಒಲೆ ಇರುತ್ತದೆ. ಅದರ ಉರುವಲು ಕೆಲವು ತಾಸುಗಳದ್ದು ಮಾತ್ರ.

2. ಹುಟ್ಟಿದ ಕೂಡಲೇ ಮರಿಯ ಮೂಗು-ಬಾಯಿ ಶುಚಿ ಮಾಡಿ, ಒಣ ಬಟ್ಟೆ ಅಥವಾ ಗೋಣಿಯಿಂದ ಮೈ ಒರೆಸಬೇಕು.

3. ಎರಡು ತಾಸಿನೊಳಗೆ ಗಿಣ್ಣ ಕುಡಿಸಬೇಕು. ಕಸ ಬೀಳಲೆಂದು ಕಾಯಬಾರದು. ತಾಯಿಯಲ್ಲಿ ಗಿಣ್ಣ ಇಲ್ಲದಿದ್ದರೆ ಅದೇ ದಿನ ಈದ ಬೇರೆ ಕುರಿ ಅಥವಾ ಆಡಿನದು, ಅದೂ ಸಿಗದಿದ್ದರೆ ಆಕಳದು ಆಗಬಹುದು. ಆಕಳ ಗಿಣ್ಣವನ್ನು ತುಸು ಹೆಚ್ಚು ಕೊಡಬೇಕು.

4. ಗಾಳಿಗೆ ತಡಿಕೆ, ಕೆಳಗೆ ಒಣ ಹಾಸು, ಹೊಕ್ಕುಳಕ್ಕೆ ಅಯೋಡಿನ್.

5. ಹಟ್ಟಿಯಲ್ಲಿ ಒಂದು ಥರ್ಮಾಮೀಟರು ಇರಲಿ. 37 ಡಿಗ್ರಿ ಮತ್ತು 5 ತಾಸು ಎಂಬ ಎರಡು ಅಂಕಿಗಳು ನೆನಪಿರಲಿ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಕುರಿಗಳಿದ್ದವು. ನಮ್ಮ ಭಾಗದ ಡೆಕ್ಕನಿ ಕುರಿ ಬರ, ದೂರದ ನಡಿಗೆ, ಒರಟು ಮೇವು ಎಲ್ಲವನ್ನೂ ತಾಳಿಕೊಳ್ಳುವ ಗಟ್ಟಿ ತಳಿ. ಆದರೆ ಎಷ್ಟೇ ಗಟ್ಟಿ ತಳಿಯಾದರೂ ಮರಿಯ ಮೊದಲ ರಾತ್ರಿ ಮೆತ್ತನೆಯದೇ. ಈಯುವ ಕಾಲ ಬರುವ ಮೊದಲೇ ಒಣ ಗೋಣಿ ಚೀಲ, ಹಾಲು ಕುಡಿಸುವ ಬಾಟಲಿ, ಅಯೋಡಿನ್ ಮತ್ತು ಥರ್ಮಾಮೀಟರುಗಳನ್ನು ಒಂದು ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕಂಡು, ತಣ್ಣಗಾದ ಮರಿಗೆ ಗ್ಲುಕೋಸ್ ಚಿಕಿತ್ಸೆ ರಾತ್ರಿ ಹೊತ್ತಿನಲ್ಲಿ ಎಲ್ಲಿ ದೊರೆಯುತ್ತದೆಂದು ಮೊದಲೇ ಕೇಳಿ ತಿಳಿದಿಟ್ಟುಕೊಳ್ಳಿ.